ಒಡಪಿಗೊಂದು ಇಂಗ್ಲಿಷ್ ಪ್ರಾಸ

ಒಡಪು ಕಟ್ಟುವುದರಲ್ಲಿ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಜಂಬವಲ್ಲ, ಇದ್ದ ಮಾತು. ಮದುಮಗಳು ಗಂಡನ ಹೆಸರನ್ನು ಪ್ರಾಸದಲ್ಲಿ ಸೇರಿಸಿ ಹೇಳದೆ ಹೊಸ್ತಿಲು ದಾಟುವಂತಿಲ್ಲ ಎಂಬ ನಮ್ಮ ಕಡೆಯ ಪದ್ಧತಿಯನ್ನು ನಾವು ಮುಂಬೈಯಲ್ಲೂ ಬಿಟ್ಟಿಲ್ಲ. ಎಷ್ಟು ಹುಡುಗಿಯರಿಗೆ ಒಡಪು ಕಟ್ಟಿಕೊಟ್ಟಿದ್ದೇನೋ! ಆದರೆ ನನ್ನವರು ತೀರಿಕೊಂಡ ಮೇಲೆ "ನೀವೂ ಹೆಸರು ಹೇಳ್ರಿ" ಎಂದು ನನ್ನನ್ನು ಯಾರೂ ಕೇಳಲಿಲ್ಲ. ಮದುವೆಮನೆಯಲ್ಲಿ ಮುತ್ತೈದೆಯರನ್ನೆಲ್ಲ ಕೇಳುತ್ತಾರೆ, ವಿಧವೆಯನ್ನು ಕೇಳಬಾರದಂತೆ. ಏಳು ವರ್ಷ ಆ ಹೆಸರು ನನ್ನ ಬಾಯಿಂದ ಹೊರಬಿದ್ದಿರಲಿಲ್ಲ. ನನಗೆ ಅದರ ಸಿಟ್ಟಿತ್ತು.

ಹೀಗಿರುವಾಗ ತಮ್ಮನ ಮಗಳ ಮದುವೆ ಗೊತ್ತಾಯಿತು. ಅಂಧೇರಿಯ ಆಫೀಸಿನಲ್ಲಿ ಕೆಲಸ, ಕನ್ನಡ ಅಷ್ಟಕ್ಕಷ್ಟೆ.

"ಅತ್ತಿ, ನನ್ನ ಒಡಪಿನಾಗ ಇಂಗ್ಲಿಷ್ ಪ್ರಾಸ ಬೇಕು. ಕನ್ನಡದ್ದು ಮರತ್ರ ಎಲ್ಲಾರೂ ನಗ್ತಾರ," ಎಂದಳು.

ಹುಡುಗನ ಹೆಸರು 'ಈಪ್' ಎಂದು ಮುಗಿಯುತ್ತಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ, ಕ ಖ ಗ ಬರುತ್ತದೆ. ಅಲ್ಲಿಂದಲೇ ಶುರು ಮಾಡಿದೆ.

"ಕೀಪ್?"

"ಅದ, ಅತ್ತಿ!"

"ಖೀಪ್? ಗೀಪ್?"

"ಇಲ್ಲ."

"ಚೀಪ್?"

"ಅದ. ಆದ್ರ ಬ್ಯಾಡ, ಅಗ್ಗದ ಗಂಡ ಅಂದಂಗಾಗ್ತದ!"

ಶೀಪ್ ಎಂದರೆ ಕುರಿ ಎಂದು ತಿಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಷರಮಾಲೆ ಮುಗಿದ ಮೇಲೆ ಒತ್ತಕ್ಷರಕ್ಕೆ ಕೈಹಾಕಿದೆ, ಸ್ಲೀಪ್ ಸಿಕ್ಕಿತು. ಒಡಪು ಅರ್ಧ ತಾಸಿನಲ್ಲಿ ತಯಾರಾಯಿತು.

ದಹಿಸರ್‌ನ ಗಂಡಿನ ಮನೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ನಾನು ಎಲ್ಲರಿಗಿಂತ ಹಿಂದೆ, ಲಿಫ್ಟಿನ ಹತ್ತಿರ ಇದ್ದೆ. ಹುಡುಗಿ ತಡವರಿಸದೆ ಹೇಳಿದಳು:

"ಲೋಕಲ್‌ನಾಗ ನಿಂತಲ್ಲೇ ಐ ಕ್ಯಾನ್ ಸ್ಲೀಪ್,
ಸೀಟ್ ಹಿಡದ ಕೊಡಾವ್ರು ನಮ್ಮ …ಈಪ್!"

ಚಪ್ಪಾಳೆಯೋ ಚಪ್ಪಾಳೆ. ಬಾಗಿಲು ಬಿಟ್ಟರು. ಅವಳು ಒಳಗೆ ಹೋಗಲಿಲ್ಲ.

"ಮೊದಲ ಅಲ್ಲಿ ಹಿಂದ ನಿಂತ ನಮ್ಮತ್ತಿ ತಮ್ಮವರ ಹೆಸರು ಹೇಳ್ಲಿ. ಆಮ್ಯಾಲೆ ನಾ ಒಳಗ ಬರ್ತೀನಿ."

ಎಲ್ಲರೂ ಲಿಫ್ಟಿನ ಕಡೆ ತಿರುಗಿದರು. ಹುಡುಗನ ತಾಯಿ ಒಂದು ಗಳಿಗೆ ನನ್ನನ್ನೇ ನೋಡಿ, "ಬರ್ರಿ ಮುಂದ. ಹೇಳ್ರಲಾ, ಯಾಕ ತಡಾ?" ಎಂದರು.

ನನ್ನದು ಏಳು ವರ್ಷದಿಂದ ತಯಾರಿತ್ತು. ಅದರಲ್ಲೂ ಒಂದು ಇಂಗ್ಲಿಷ್ ಶಬ್ದವಿತ್ತು, ನಮ್ಮ ಕಡೆ ಹೇಳುವ ಹಾಗೆ.

"ಇಬ್ಬರಿಗೂ ಸೇರಿ ಚಾ ಒಂದಽ ಕಪ್ಪ,
ಅರ್ಧ ನನಗ ಉಳಸಾವ್ರು ನಮ್ಮ …ಅಪ್ಪ."

ಅಲ್ಲಿ ನನ್ನವರ ಹೆಸರನ್ನು ಪೂರ್ತಿ ಹೇಳಿದೆ, ಕೆಳಗಿನ ಮಹಡಿಗೂ ಕೇಳುವಷ್ಟು ಗಟ್ಟಿಯಾಗಿ. ಇಲ್ಲಿ ಬರೆಯುವುದಿಲ್ಲ. ಯಾರಾದರೂ ಬಾಗಿಲಿಗೆ ಅಡ್ಡ ನಿಂತು ಕೇಳಲಿ, ಇನ್ನೊಮ್ಮೆ ಹೇಳುತ್ತೇನೆ.