ಬ್ರೇಕು ತುಳಿದ ಮಧ್ಯಾಹ್ನ

ನಿಜಾಮರ ಕಾಲ ಮುಗಿದ ಹೊಸತರಲ್ಲಿ ನಾನು ಮದುವೆಯಾಗಿ ಮಸ್ಕಿಗೆ ಬಂದೆ. ಗಂಡನ ಮನೆಯಲ್ಲಿ ಒಂದು ಹಳೇ ಪಿಕಪ್ ಗಾಡಿ ಇತ್ತು. ಲಿಂಗಸುಗೂರಿಗೂ ಸಿಂಧನೂರಿಗೂ ಉಪ್ಪಿನ ಚೀಲ ಹೇರಿ ಹೇರಿ ಅದರ ತಳಕ್ಕೆಲ್ಲ ಜಂಗು, ಅಂದರೆ ತುಕ್ಕು, ಹಿಡಿದಿತ್ತು. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ. ಹಗಲಿನಲ್ಲಿ ನನಗೆ ಕಾಣುತ್ತಿದ್ದದ್ದು ಗಾಡಿಯ ಕೆಳಗಿಂದ ಹೊರಚಾಚಿದ ಅವರ ಕಾಲುಗಳಷ್ಟೆ.

ಒಂದು ದಿನ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಗಾಡಿ ಪಕ್ಕದ ಹತ್ತಿಯ ಹೊಲಕ್ಕೆ ನುಗ್ಗಿತು. ಪುಣ್ಯಕ್ಕೆ ಅವರ ಮೊಣಕೈ ತರಚಿತ್ತು, ಅಷ್ಟೆ. ಜಂಗು ತಿಂದಿದ್ದ ಬ್ರೇಕೆಣ್ಣೆಯ ಕೊಳವೆ ಬಿಚ್ಚಿ ಹೊಸದು ಕೂಡಿಸಿದರು. ಇನ್ನು ಅದರೊಳಗೆ ಸೇರಿದ ಗಾಳಿ ತೆಗೆಯಬೇಕು, ಇಲ್ಲದಿದ್ದರೆ ಬ್ರೇಕು ಹಿಡಿಯದು. ಒಬ್ಬರು ಮೇಲೆ ಕೂತು ಬ್ರೇಕು ತುಳಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಟ್ಟು ಸಡಿಲಿಸಬೇಕು. ಕ್ಲೀನರ್ ತನ್ನ ಊರಿಗೆ ಹೋಗಿದ್ದ.

"ಯವ್ವಾ, ಆಕಿನ್ನ ಕಳಸು," ಎಂದರು ಗಾಡಿಯ ಕೆಳಗಿಂದಲೇ.

ಅತ್ತೆ ಕಟ್ಟೆಯ ಮೇಲಿದ್ದ ಮಾವನ ಮುಖ ನೋಡಿದರು. ಮಾವ ಎಲೆಗೆ ಸುಣ್ಣ ಸವರುತ್ತ ಆಚೆ ತಿರುಗಿ ಕೂತರು. ಅದೇ ಒಪ್ಪಿಗೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತೆ.

"ತುಳಿ." ತಳದ ತೂತಿನಿಂದ ಅವರ ದನಿ ಬಂತು. "ಹಂಗ ಹಿಡಿ... ಹಾಂ, ಬಿಡು."

ಹಸಿ ಕೆಸರಿನಲ್ಲಿ ಇಟ್ಟಂತೆ ಕಾಲು ಒಳಗಿಳಿಯುತ್ತಿತ್ತು.

"ಹೆಂಗೈತಿ?"

"ಮೆತ್ತಗೈತ್ರಿ."

"ಹಂಗಾರ ಇನ್ನೂ ಗಾಳಿ ಐತಿ. ಕಾಲು ನೋಯಾಕತ್ತಾವೇನು?"

"ಇಲ್ರಿ," ಅಂದೆ. ನೋಯುತ್ತಿದ್ದವು. ಆದರೆ ಕೆಳಗಿಳಿಯುವ ಮನಸ್ಸಿರಲಿಲ್ಲ. ಧೂಳು ಮೆತ್ತಿದ ಗಾಜಿನಾಚೆ ಬಿಸಿಲಲ್ಲಿ ಮಸ್ಕಿಯ ಗುಡ್ಡ ನೀರಿನ ಮೇಲೆ ತೇಲಿದ ಹಾಗೆ ಅಲುಗುತ್ತಿತ್ತು. ತುಳಿ, ಬಿಡು, ತುಳಿ, ಬಿಡು. ಯಾರೋ ದೂರದಲ್ಲಿ ತೊಟ್ಟಿಲು ತೂಗುತ್ತಿರುವಂತೆ ನನಗೆ ಜೋಂಪು ಹತ್ತಿತು. ಆಮೇಲೆ ಒಮ್ಮೆಲೇ ಕಾಲಡಿ ಕಲ್ಲು ಸಿಕ್ಕ ಹಾಗಾಯಿತು.

"ಗಟ್ಟಿ ಆತ್ರೀ!" ಎಂದು ಕೂಗಿಬಿಟ್ಟೆ. ಮಾವ ಕೆಮ್ಮಿದರು. ನನ್ನ ಗಂಡ ಎಣ್ಣೆ ಮುಖದಲ್ಲೇ ಗಾಡಿಯ ಕೆಳಗಿಂದ ಹೊರಬಂದು ನನ್ನನ್ನು ನೋಡಿ ನಕ್ಕರು.

ಆ ವಾರವೆಲ್ಲ ಅವರು ಇಟ್ಟಿಗೆ ಚೂರಿನಿಂದ ಜಂಗು ತಿಕ್ಕಿದರು. ನಾನು ಬಟ್ಟೆಯಲ್ಲಿ ಅಗಸೆ ಎಣ್ಣೆ ಸವರಿದೆ. "ತಿನ್ನೂ ಎಣ್ಣಿ ಕಬ್ಬಿಣಕ್ಕ ಕುಡಸಾಕತ್ತೀರಿ," ಎಂದು ಗೊಣಗುತ್ತಲೇ ಅತ್ತೆ ಬಟ್ಟಲು ತುಂಬಿಸಿಕೊಟ್ಟರು. ಮಳೆಗಾಲ ಕಳೆದರೆ ಜಂಗು ಮತ್ತೆ ಬರುತ್ತಿತ್ತು. ಗಾಡಿ ಇರುವತನಕ ನಾವೂ ತಿಕ್ಕುತ್ತಲೇ ಇದ್ದೆವು.

ಬ್ರೇಕು ಸರಿಯಾದ ಮೇಲೆ ಮೊದಲ ಸಲ ಸಿಂಧನೂರಿಗೆ ಹೊರಟಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಇಳಿಜಾರಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಗಾಡಿ ಮೆಲ್ಲಗೆ, ಕುಲುಕದೆ ನಿಂತಿತು. ಸಂಜೆಯ ಧೂಳಲ್ಲಿ ಕುರಿಗಳು ಒಂದೊಂದಾಗಿ ದಾಟಿದವು. ಕೊನೆಯ ಮರಿಯೂ ದಾಟಿಹೋದ ಮೇಲೆ ಇನ್ನಷ್ಟು ಹೊತ್ತು ಅವರು ಗಾಡಿ ಮುಂದಕ್ಕೆ ಬಿಡಲಿಲ್ಲ. ನನಗೂ ಅವಸರವಿರಲಿಲ್ಲ.