ಮೋತಿಯ ಪಾತ್ರೆಯಲ್ಲಿ ಅರಿಶಿನ

ಕೊರೊನಾ ಮುಗಿದ ಮರುವರ್ಷ ನಾನು ನವಿ ಮುಂಬೈಯ ಸೀವುಡ್ಸ್‌ನಲ್ಲಿ ಒಂದು ನಾಯಿಗೆ ಮಾಂಸ ಕತ್ತರಿಸಿ ಕೊಡುವ ಕೆಲಸಕ್ಕೆ ಸೇರಿದೆ. ಆಗ ನನಗೆ ಅರವತ್ತೊಂದು ವರ್ಷ. ಇದೂ ಒಂದು ಕೆಲಸವೇ ಎಂದು ನಗುವವರಿದ್ದಾರೆ. ನಗಲಿ. ಅವರು ಒಂದು ದಿನ ಬಂದು ಕುರಿಯ ಪಕ್ಕೆಲುಬನ್ನು ಚೂರಾಗದಂತೆ ಒಂದೇ ಏಟಿಗೆ ತುಂಡು ಮಾಡಿ ತೋರಿಸಲಿ.

ನಾನು ವಿಜಯಪುರದ ಕಡೆಯವಳು. ಕಲಿತದ್ದು ನಾಲ್ಕನೇ ಇಯತ್ತೆ. ಠಾಣೆಯ ಪಕ್ಕದ ಕಳವಾ ಊರಿನಲ್ಲಿ ನನ್ನ ಗಂಡನ ಕೋಳಿ ಅಂಗಡಿ ಇತ್ತು. ಅವನು ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಆ ಕತ್ತಿ ನನ್ನ ಕೈಯಲ್ಲಿತ್ತು. ರಸ್ತೆ ಅಗಲ ಮಾಡಿದಾಗ ಅಂಗಡಿ ಹೋಯಿತು, ಕತ್ತಿ ಉಳಿಯಿತು. ನಮ್ಮ ಗಿರಾಕಿಯಾಗಿದ್ದ ಒಬ್ಬರು ಪ್ರಾಣಿಗಳ ಡಾಕ್ಟರ್, ಮರಾಠಿ ಹೆಣ್ಣುಮಗಳು, ನನ್ನನ್ನು ಹುಡುಕಿಕೊಂಡು ಬಂದರು. ದೊಡ್ಡ ನಾಯಿಗಳಿಗೆ ಹಸಿ ಊಟ ಹಾಕುವ ಮನೆಗಳು ಹೆಚ್ಚಾಗಿವೆ, ಸ್ವಚ್ಛವಾಗಿ ಕತ್ತರಿಸಿ ತೂಗಿ ಕೊಡುವವರು ಇಲ್ಲ ಎಂದರು. ಹೀಗೆ ಠಾಣೆಯಲ್ಲಿ ಒಂದು ಗ್ರೇಟ್ ಡೇನ್, ಡೊಂಬಿವ್ಲಿಯಲ್ಲಿ ಎರಡು ರಾಟ್‌ವೀಲರ್, ಆಮೇಲೆ ಸೀವುಡ್ಸ್‌ನ ಮೋತಿ ನನ್ನ ಪಾಲಿಗೆ ಬಂದವು.

ಮೋತಿ ವುಲ್ಫ್‌ಡಾಗ್. ಅಂದರೆ ಹಿಂದೆ ಯಾವಾಗಲೋ ತೋಳದ ರಕ್ತ ಕೂಡಿಸಿ ಬೆಳೆಸಿದ ಜಾತಿ. ನಲವತ್ತು ಕಿಲೋ ತೂಕ, ಬೂದಿ ಬಣ್ಣ, ಹಳದಿ ಕಣ್ಣು. ನೋಡಿದವರು ರಸ್ತೆಯ ಆಚೆ ಬದಿಗೆ ದಾಟಬೇಕು, ಹಾಗಿತ್ತು. ಕುಕ್ಕರ್ ಸೀಟಿ ಹೊಡೆದರೆ ಮಾತ್ರ ಮಂಚದ ಕೆಳಗೆ ಸೇರುತ್ತಿತ್ತು. ಅದನ್ನು ತಂದವನು ಸುದರ್ಶನ. ಉಡುಪಿಯ ಕಡೆಯವರು, ಕಲ್ಯಾಣ ಸ್ಟೇಷನ್ ಹತ್ತಿರ ಅವರದು ಶುದ್ಧ ಸಸ್ಯಾಹಾರಿ ಹೋಟೆಲು. ಅವನು ನಾಯಿಗೆ ಎಂಥದೋ ಉದ್ದದ ವಿದೇಶಿ ಹೆಸರಿಟ್ಟಿದ್ದ. ಅವನ ತಾಯಿ ಪದ್ಮಮ್ಮನವರಿಗೆ ಅದು ಬಾಯಿಗೆ ಬರಲಿಲ್ಲ, ಮೋತಿ ಎಂದರು. ನಾಯಿಯೂ ಒಪ್ಪಿಕೊಂಡಿತು.

ಊಟದ ಲೆಕ್ಕ ಹೇಳಿಬಿಡುತ್ತೇನೆ. ಮೋತಿಗೆ ಡಾಕ್ಟರ್ ಬರೆದುಕೊಟ್ಟದ್ದು ದಿನಕ್ಕೆ ಒಂದು ಕಿಲೋ: ಎಂಟುನೂರು ಗ್ರಾಂ ಮಾಂಸ, ನೂರು ಗ್ರಾಂ ಎಲುಬು, ಐವತ್ತು ಗ್ರಾಂ ಲಿವರ್, ಉಳಿದ ಐವತ್ತು ಮೂತ್ರಪಿಂಡವೋ ಗುಲ್ಮವೋ. ಎಲ್ಲ ಹಸಿ. ಮೊದಲು ಫ್ರೀಜರಿನಲ್ಲಿ ಗಟ್ಟಿ ಮಾಡಿಟ್ಟು, ಬೇಕಾದಾಗ ಕರಗಿಸಿ ಕೊಡಬೇಕು. ಕತ್ತಿ, ಮಾಂಸ ಕಡಿಯುವ ಮರದ ಕೊರಡು, ಪಾತ್ರೆಗಳನ್ನು ಪ್ರತಿಸಲ ಕುದಿಯುವ ನೀರಿನಲ್ಲಿ ತೊಳೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಒಂದೇ ಮಾತು: ಎಲುಬನ್ನು ಬೇಯಿಸಬಾರದು. ಹಸಿ ಎಲುಬು ಹಲ್ಲಿಗೆ ಪುಡಿಯಾಗುತ್ತದೆ, ಹೊಟ್ಟೆಯಲ್ಲಿ ಕರಗುತ್ತದೆ. ಬೆಂದ ಎಲುಬು ಗಾಜಿನ ಹಾಗೆ ಸೀಳುತ್ತದೆ, ಕರುಳಿಗೆ ಚುಚ್ಚುತ್ತದೆ. ಇದನ್ನು ಡಾಕ್ಟರ್ ಇಂಗ್ಲಿಷಿನಲ್ಲಿ ಬರೆದು ಹಿತ್ತಲಿನ ಫ್ರಿಜ್ಜಿಗೆ ಅಂಟಿಸಿದ್ದರು. ಸುದರ್ಶನನಿಗೂ ಬಾಯಿಬಿಟ್ಟು ಹೇಳಿದ್ದರು. ಪದ್ಮಮ್ಮನಿಗೆ ಯಾರೂ ಹೇಳಿರಲಿಲ್ಲ. ಅವರು ಇಂಗ್ಲಿಷ್ ಓದುವವರಲ್ಲ, ಮಾಂಸದ ಹತ್ತಿರ ಸುಳಿಯುವವರೂ ಅಲ್ಲ. ನಾನೂ ಹೇಳಲಿಲ್ಲ. ಈ ತಪ್ಪು ನನ್ನದು, ಮೊದಲೇ ಬರೆದುಬಿಡುತ್ತೇನೆ.

ಆ ಮನೆ ಒಂದು ರೋ ಹೌಸ್, ಹಿತ್ತಲಿರುವ ಸಾಲುಮನೆ. ಮಾಂಸ ಹಿತ್ತಲು ದಾಟುವಂತಿರಲಿಲ್ಲ. ಬೇರೆ ಫ್ರಿಜ್ಜು, ಬೇರೆ ನಲ್ಲಿ, ನೀರು ಕಾಯಿಸಲು ಹಳೆಯ ಗ್ಯಾಸ್ ಒಲೆ, ಎಲ್ಲವೂ ಹಿತ್ತಲಿನಲ್ಲೇ. ನಾನು ಕಳವಾದಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಪನವೇಲ್ ಲೋಕಲ್. ಮಾಂಸದ ಸ್ಟೀಲ್ ಡಬ್ಬಿಯನ್ನು ಬರ್ಫದಲ್ಲಿಟ್ಟುಕೊಂಡು ಮೀನು ಮಾರುವ ಹೆಂಗಸರ ಜೊತೆ ಲಗೇಜ್ ಬೋಗಿಯಲ್ಲಿ ಕೂರುತ್ತಿದ್ದೆ. ನಾಯಿಯ ಊಟ ಎಂದರೆ ಆ ಹೆಂಗಸರು ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಮೊದಲ ತಿಂಗಳು ಪದ್ಮಮ್ಮ ನಾನು ಬಂದ ಕೂಡಲೇ ಅಡಿಗೆಮನೆಯ ಕಿಟಕಿ ಮುಚ್ಚುತ್ತಿದ್ದರು. ಎರಡನೇ ತಿಂಗಳು ಅರ್ಧ ತೆರೆದರು. ಮೂರನೇ ತಿಂಗಳು ಗ್ರಿಲ್ಲಿನ ಆಚೆ ಸ್ಟೂಲ್ ಹಾಕಿಕೊಂಡು, ಮುಖ ತುಳಸಿಗಿಡದ ಕಡೆ ತಿರುಗಿಸಿ ಮಾತಿಗೆ ಕೂತರು. ನನ್ನ ಮಾತು ಅವರಿಗೆ ಒರಟು, ಅವರ ಮಾತು ನನಗೆ ಹಾಡಿನ ಹಾಗೆ. ಅವರಿಗೆ ಆಗ ಎಪ್ಪತ್ತೆರಡು. ನೆಂಟರ ಮದುವೆಯಲ್ಲಾದರೂ ದೇವರ ನೈವೇದ್ಯ ಅವರ ಕೈಯದೇ ಆಗಬೇಕು, ಅಷ್ಟು ಮಡಿಯವರು. ಮೋತಿ ತಿನ್ನುವಾಗ ಮಾತ್ರ ಒಮ್ಮೆ ಕೇಳುತ್ತಿದ್ದರು, ‘ಹೊಟ್ಟೆ ತುಂಬಿತಾ ಅದಕ್ಕೆ?’ ಅಂತ.

ಮುಂದಿನ ಜನವರಿಯಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿದೆ. ಐದು ದಿನ ರಜೆ. ಐದು ಡಬ್ಬಿ ತುಂಬಿ ಫ್ರೀಜರಿನಲ್ಲಿಟ್ಟೆ. ಕೋಳಿಯ ಕಾಲು, ಕುತ್ತಿಗೆ, ಲಿವರ್, ಎಲ್ಲ ತೂಗಿ ಇಟ್ಟದ್ದು. ಕರಗಿಸಿ ಹಾಕುವುದಷ್ಟೇ ಸುದರ್ಶನನ ಕೆಲಸ. ಆರನೇ ದಿನ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಹೋದರೆ ಮೋತಿ ಎದ್ದು ಬರಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ರಾತ್ರಿಯಿಂದ ಮೂರು ಸಲ ವಾಂತಿ ಮಾಡಿತ್ತಂತೆ. ಹೊಟ್ಟೆಗೆ ಕೈ ಹಚ್ಚಿದರೆ ನರಳಿತು. ನಾನೂ ಸುದರ್ಶನನೂ ಎತ್ತಿ ಕಾರಿಗೆ ಹಾಕಿ ಡಾಕ್ಟರ ಕ್ಲಿನಿಕ್ಕಿಗೆ ಒಯ್ದೆವು.

ಎಕ್ಸ್‌ರೇಯಲ್ಲಿ ಎಲುಬಿನ ಚೂರುಗಳು ಕಂಡವು. ಡಾಕ್ಟರ್ ನನ್ನ ಕಡೆ ತಿರುಗಿ ಕೇಳಿದ್ದು ಒಂದೇ: ಇದು ಹಸಿಯದೋ ಬೆಂದದ್ದೋ? ಹಸಿಯದಾದರೆ ಸಲೈನ್ ಹಾಕಿ ನಾಳೆಯವರೆಗೆ ಕಾಯಬಹುದು, ತಾನಾಗಿ ಕರಗೀತು. ಬೆಂದದ್ದಾದರೆ ಕಾಯುವ ಹಾಗಿಲ್ಲ, ಕರುಳು ತೂತಾದರೆ ನಾಯಿ ಉಳಿಯುವುದಿಲ್ಲ, ಇವತ್ತೇ ಕೊಯ್ಯಬೇಕು. ಸುಮ್ಮನೆ ಕೊಯ್ಯುವುದೂ ಸಣ್ಣ ಮಾತಲ್ಲ. ಒಂದು ತಾಸಿನೊಳಗೆ ಹೇಳಿ ಎಂದರು.

ನಾನು ಇಟ್ಟದ್ದು ಹಸಿಯದೇ ಎಂದೆ. ಸುದರ್ಶನ ನನ್ನ ಮುಖ ನೋಡಲಿಲ್ಲ.

‘ಮೌಶಿ, ಸಚ್ ಬೋಲೋ, ನಿಜ ಹೇಳಿ. ಬೇರೆ ಮನೆಯಲ್ಲಿ ಉಳಿದದ್ದು ಏನಾದ್ರೂ ಡಬ್ಬಿಗೆ ಹಾಕಿದ್ರಾ?’

ಇಪ್ಪತ್ತೆರಡು ವರ್ಷದ ಅಂಗಡಿಯಲ್ಲಿ ಹಳಸಿದ್ದು ಮಾರಿದೆ ಎಂದು ಯಾರೂ ನನಗೆ ಅಂದಿರಲಿಲ್ಲ. ಉತ್ತರ ಕೊಡಲು ಹೊತ್ತಿರಲಿಲ್ಲ. ಡಬ್ಬಿ ನೀನೇ ಕರಗಿಸಿದೆಯೇನಪ್ಪಾ ಎಂದು ಕೇಳಿದೆ. ಮೊದಲ ಎರಡು ದಿನ ತಾನೇ ಹಾಕಿದ್ದೆ, ಆಮೇಲೆ ಕಲ್ಯಾಣದಲ್ಲಿ ಅಡಿಗೆ ಭಟ್ಟರು ಕೆಲಸ ಬಿಟ್ಟು ಹೋದರು, ಇವತ್ತು ಬೆಳಗಿನವರೆಗೆ ಹೋಟೆಲಿನಲ್ಲೇ ಉಳಿಯಬೇಕಾಯಿತು, ಗೇಟಿನ ವಾಚ್‌ಮನ್‌ಗೆ ಹೇಳು ಅಂತ ಅಮ್ಮನಿಗೆ ಹೇಳಿದ್ದೆ ಎಂದ. ನಾನು ರಿಕ್ಷಾ ಹಿಡಿದು ಮನೆಗೆ ಬಂದೆ.

ಹಿತ್ತಲಿನಲ್ಲಿ ಐದು ಡಬ್ಬಿ ತೊಳೆದು ಬೋರಲು ಹಾಕಿದ್ದರು. ಒಲೆಯ ಪಕ್ಕ ನೀರು ಕಾಯಿಸುವ ಪಾತ್ರೆ. ಬೆರಳಿಟ್ಟರೆ ಒಳಗೆ ಜಿಡ್ಡು ಹತ್ತಿತು. ಬರೀ ನೀರು ಕಾಯಿಸುವ ಪಾತ್ರೆಗೆ ಜಿಡ್ಡು ಎಲ್ಲಿಂದ? ಕನ್ನಡಕ ಮೇಲೆತ್ತಿ ನೋಡಿದೆ. ಅಂಚಿಗೆ ಸುತ್ತಲೂ ಹಳದಿ ಗೆರೆ. ಅರಿಶಿನ. ವಾಚ್‌ಮನ್ ನಾಯಿಯ ಊಟಕ್ಕೆ ಅರಿಶಿನ ಹಾಕುವುದಿಲ್ಲ.

ಪದ್ಮಮ್ಮ ಗ್ರಿಲ್ಲಿನ ಆಚೆ ನಿಂತಿದ್ದರು. ಈ ಸಲ ಮುಖ ತುಳಸಿಯ ಕಡೆ ಇರಲಿಲ್ಲ.

‘ಅಮ್ಮಾರ, ಕುದಿಸಿದ್ರೇನು ನೀವು?’ ಅಂದೆ.

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. ‘ವಾಚ್‌ಮನ್ ನಾಯಿಗೆ ಹೆದರಿ ಒಳಗೆ ಬರಲಿಲ್ಲ. ಅದು ಹಸಿವಿನಲ್ಲಿ ನನ್ನ ಮುಖ ನೋಡ್ತಾ ಕೂತಿತ್ತು. ಮಂಜು ಹಿಡಿದ ಹಸಿ ಮಾಂಸ ಹೇಗೆ ಕೊಡುದು ಮಾರಾಯ್ತಿ? ಬೇಯಿಸದ್ದನ್ನು ನಾನು ಈವರೆಗೆ ಯಾರಿಗೂ ಬಡಿಸಿದವಳಲ್ಲ.’

ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಕ್ಕಳದಲ್ಲಿ ಹಿಡಿದು, ಒಂದು ತಾಸು ಬೇಯಿಸಿದ್ದರು. ಮೂರು ದಿನ. ಮೋತಿ ಪಾತ್ರೆ ನೆಕ್ಕಿ ಅವರ ಕಾಲ ಬಳಿ ಮಲಗಿತಂತೆ. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಂತೋಷ ಬಂದು ಹೋಯಿತು. ಆ ಮೂರು ದಿನವೂ ಮಂಡೆನೋವು ಎಂದು ಹೇಳಿ ದೇವರ ಕೋಣೆಗೆ ಹೋಗಿರಲಿಲ್ಲ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ‘ನೀವು ಕುದಿಸಿದ ಎಲುಬು ಅದರ ಕರುಳು ಸೀಳಾಕತ್ತೇತ್ರಿ. ಡಾಕ್ಟರಿಗೆ ಈಗ ಹೇಳಬೇಕು’ ಅಂದೆ. ಅವರು ಗ್ರಿಲ್ ಹಿಡಿದು ನಿಂತರು. ಮಗನಿಗೆ ಗೊತ್ತಾದರೆ ನೆಂಟರಿಗೆ ಗೊತ್ತಾಗುತ್ತದೆ, ಇನ್ನು ತನ್ನ ಕೈಯ ನೈವೇದ್ಯ ಯಾರಿಗೂ ಬೇಡವಾಗುತ್ತದೆ ಎಂದರು. ನಾನು ಫೋನ್ ತೆಗೆದೆ. ದೊಡ್ಡತನದಿಂದಲ್ಲ. ತಾಸು ಮುಗಿಯುತ್ತ ಬಂದಿತ್ತು, ಅವರನ್ನು ಒಪ್ಪಿಸುತ್ತ ಕೂರುವ ಹೊತ್ತಲ್ಲ. ನನಗೆ ದುಡಿಯಲು ಇನ್ನೂ ಎರಡು ಮನೆ ಇದ್ದವು. ಅವರಿಗೆ ಇದ್ದದ್ದು ಅದೊಂದೇ ಮನೆ.

‘ಕುದಿಸಿದ ಎಲುಬ್ರಿ. ಕೊಯ್ರಿ’ ಎಂದು ಡಾಕ್ಟರಿಗೆ ಹೇಳಿದೆ. ಸುದರ್ಶನ ಫೋನ್ ಇಸಿದುಕೊಂಡು ಯಾರು ಕುದಿಸಿದ್ದು ಎಂದ.

‘ನಾನ. ರಜಾಕ್ಕ ಹೋಗೂಕಿಂತ ಮೊದಲ ಕುದಿಸಿ ಇಟ್ಟಿದ್ದೆ.’

‘ನಾಳೆಯಿಂದ ಬರ್ಬೇಡಿ ನೀವು.’

ಹಿತ್ತಲು ಸಣ್ಣದು, ಅವನ ದನಿ ದೊಡ್ಡದು. ಗ್ರಿಲ್ಲಿನಿಂದ ಒಂದು ಕೈ ಹೊರಗೆ ಬಂತು. ಒಂದು ವರ್ಷ ನನ್ನ ಕೈಯಿಂದ ನೀರಿನ ಲೋಟವನ್ನೂ ನೇರ ತೆಗೆದುಕೊಳ್ಳದಿದ್ದ ಕೈ. ಜಿಡ್ಡಾಗಿದ್ದ ಫೋನನ್ನು ನನ್ನ ಬೆರಳುಗಳ ನಡುವಿನಿಂದ ತೆಗೆದುಕೊಂಡಿತು.

‘ಮಗಾ, ಅವಳಲ್ಲ. ನಾನು ಬೇಯಿಸಿದ್ದು. ಅರಶಿನ ಹಾಕಿ. ನಾಯಿಯನ್ನು ನೋಡು ನೀನು, ಮತ್ತೆ ಬಯ್ಯುವಿಯಂತೆ.’

ಆ ಮಧ್ಯಾಹ್ನ ಆಪರೇಷನ್ ಆಯಿತು. ಎರಡು ತಾಸು. ಹನ್ನೊಂದು ಚೂರು ತೆಗೆದರು, ಉದ್ದದ್ದು ನನ್ನ ಕಿರುಬೆರಳಿನಷ್ಟಿತ್ತು. ಕರುಳು ಗೀರಿತ್ತು, ತೂತಾಗಿರಲಿಲ್ಲ. ಸಂಜೆಯವರೆಗೆ ಬಿಟ್ಟಿದ್ದರೆ ಆಗುತ್ತಿತ್ತು ಎಂದರು ಡಾಕ್ಟರ್. ಸುದರ್ಶನ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ. ಸಾರಿ ಎನ್ನಲು ಅವನಿಗೆ ಬರಲಿಲ್ಲ. ಚಹಾ ತಂದುಕೊಟ್ಟ, ಕುಡಿದೆ.

ನೆಂಟರಿಗೆ ಗೊತ್ತಾಯಿತೋ ಇಲ್ಲವೋ ನಾನು ಕೇಳಲಿಲ್ಲ. ಪದ್ಮಮ್ಮ ಒಂದು ವಾರ ಒಂದೇ ಹೊತ್ತು ಉಂಡರು, ಆಮೇಲೆ ತಲೆಗೆ ಸ್ನಾನ ಮಾಡಿ ನೈವೇದ್ಯಕ್ಕೆ ಒಲೆ ಹಚ್ಚಿದರು. ದೇವರೇನೂ ಬೇಡ ಎನ್ನಲಿಲ್ಲವಂತೆ.

ಅದಾದ ಮೇಲೆ ನಾನು ಹೊಸ ಮನೆಗೆ ಕೆಲಸಕ್ಕೆ ಹೋದರೆ ನಾಯಿಯ ತೂಕ ಆಮೇಲೆ ಕೇಳುತ್ತೇನೆ. ಮೊದಲು ಮನೆಮಂದಿಯನ್ನೆಲ್ಲ ಕೂರಿಸಿ, ನಿಮ್ಮಲ್ಲಿ ಇದಕ್ಕೆ ಕದ್ದು ತಿನ್ನಿಸುವವರು ಯಾರು ಎಂದು ಕೇಳುತ್ತೇನೆ. ಎಲ್ಲರೂ ನಗುತ್ತಾರೆ. ಒಬ್ಬರು ನಗುವುದಿಲ್ಲ. ಎಲುಬಿನ ಮಾತನ್ನು ಅವರಿಗೆ ಮೂರು ಸಲ ಹೇಳುತ್ತೇನೆ. ಡಾಕ್ಟರ ಚೀಟಿ ಅಂಟಿಸಬೇಕಾದದ್ದು ಫ್ರಿಜ್ಜಿಗಲ್ಲ, ಅವರಿಗೆ.

ಕಳೆದ ಮಳೆಗಾಲದಲ್ಲಿ ಒಂದು ದಿನ ಗಾಡಿ ನಿಂತು ನನಗೆ ಎರಡು ತಾಸು ತಡವಾಯಿತು. ಹಿತ್ತಲಿಗೆ ಬಂದರೆ ಮೋತಿ ಆಗಲೇ ಫ್ರೀಜರಿನಲ್ಲಿಟ್ಟಿದ್ದ ಡಬ್ಬಿಯ ಎಲುಬನ್ನು ಕಟಕಟ ಕಡಿಯುತ್ತಿತ್ತು. ಪದ್ಮಮ್ಮ ಕೈಯಲ್ಲಿ ಇಕ್ಕಳ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದರು. ನನ್ನ ಚಪ್ಪಲಿಯ ಸದ್ದು ಕೇಳಿ ಕಣ್ಣು ತೆರೆಯದೆಯೇ ಹೇಳಿದರು:

‘ಬೇಯಿಸಲಿಲ್ಲ ಶಾಂತಾ. ನೋಡು ಬೇಕಾದರೆ.’