ಓಗೊಡುವಷ್ಟು ಹೊತ್ತು

ಚಿತ್ತಪ್ಪ ಬೆಳೆದದ್ದು ಉಳ್ಳಾರ್ತಿ ಕಾವಲಿನ ಹುಲ್ಲುಗಾವಲಿನಲ್ಲಿ, ಮೈಸೂರು ಸರ್ಕಾರದ ದನಗಳ ನಡುವೆ. ಸಂಜೆಯಾದರೆ ಅವನವ್ವ ನಿಂಗಕ್ಕ ಬಂಡೆಯ ಮೇಲೆ ನಿಂತು ಹಸುಗಳನ್ನು ಹೆಸರು ಹಿಡಿದು ರಾಗವಾಗಿ ಕರೆಯುತ್ತಿದ್ದಳು. ಕರೆದ ಹಸು ಓಗೊಡುವ ತನಕ ಇನ್ನೊಂದರ ಹೆಸರೆತ್ತುತ್ತಿರಲಿಲ್ಲ.

ಪ್ಲೇಗಿನ ಕಾಲ ಕಳೆದ ಮೇಲೆ ಅವನು ಮೊಳಕಾಲ್ಮೂರಿಗೆ ಬಂದ. ಅಲ್ಲಿ ಸಂಗೀತ ಬಲ್ಲ ರೇಷ್ಮೆ ವ್ಯಾಪಾರಿ ಜಂಬುಲಿಂಗಪ್ಪನವರು ಅವನಿಗೆ ಹಳೆಯ ವಾಗ್ಗೇಯಕಾರರ ತೆಲುಗು ಕೃತಿಗಳನ್ನು ವರ್ಷಗಟ್ಟಲೆ ಕಲಿಸಿದರು. ರಾಗದ ನಡೆ, ತಾಳದ ಬಿಗಿ ಎಲ್ಲವೂ ಅವನಿಗೆ ಬಂದದ್ದು ಆ ಹಿರಿಯರಿಂದಲೇ.

ಒಂದು ದಿನ ಚಿತ್ತಪ್ಪ ತಾನೇ ಕಟ್ಟಿದ ಮೊದಲ ಕೃತಿಯನ್ನು ಗುರುಗಳ ಪಡಸಾಲೆಯಲ್ಲಿ ಹಾಡಿದ. ಶಿವನ ಹೆಸರನ್ನು ನೀಳವಾಗಿ ಕರೆದವನು, ಒಂದು ಆವರ್ತ ಪೂರ್ತಿ ಬಾಯಿ ಮುಚ್ಚಿಕೊಂಡು ಬರೀ ತಾಳ ಹಾಕಿದ.

ಜಂಬುಲಿಂಗಪ್ಪನವರಿಗೆ ರೇಗಿತು. “ಹಿರಿಯರು ಎಲ್ಲಾದ್ರೂ ಹಿಂಗೆ ಹೊಲ ಬೀಳು ಬಿಟ್ಟಂಗೆ ಬಿಟ್ಟವ್ರೇನಲೇ? ಅದೇ ಸಾಲನ್ನ ಬೆಳೆಸಿ ಅಲ್ಲೊಂದು ಸಂಗತಿ ತುಂಬು.”

“ಕರೆದ ಮ್ಯಾಲೆ ಓಗೊಡಾಕೆ ಹೊತ್ತು ಬಿಡಬೇಕಲ್ರಿ,” ಎಂದ ಚಿತ್ತಪ್ಪ ಮತ್ತೆ ಹಾಗೆಯೇ ಹಾಡಿದ.

ಈ ಸಲ ಆ ಬಿಡುವಿನಲ್ಲಿ ಹಿತ್ತಲ ಕೊಟ್ಟಿಗೆಯಿಂದ ಗುರುಗಳ ಹಸು ಅಂಬಾ ಎಂದಿತು.

ಜಂಬುಲಿಂಗಪ್ಪನವರು ತಾವೂ ತೊಡೆಯ ಮೇಲೆ ತಾಳ ಹಿಡಿದರು.

“ಓಗೊಟ್ಟಾತಲ್ಲ,” ಎಂದರು. “ಇನ್ನು ಮುಂದಿನ ಸಾಲು ಹಾಡು.”